ಸರ್ವರ್‌ಗೆ ನೆಟ್‌ವರ್ಕ್ ಹೋದ ಸೋಮವಾರ, ಮತ್ತು ಶಿರಸಿಯ ಈ ರಿಪೇರಿ ಅಂಗಡಿ

ದೇವಿಕೆರೆ ಹತ್ತಿರದ ಈ ಕಂಪ್ಯೂಟರ್ ರಿಪೇರಿ ಅಂಗಡಿಗೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ. ಸ್ವಂತ ಸರ್ವರ್ ಇಟ್ಟುಕೊಂಡ ಅಂಗಡಿಯವರು, ಸೊಸೈಟಿಯವರು, ಪ್ರೆಸ್ಸಿನವರು ಶಿರಸಿಯಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮಗೂ ಒಂದು ದಿನ ಇದೇ ಪರಿಸ್ಥಿತಿ ಬರಬಹುದು.

ನಮ್ಮದು ಅಡಿಕೆ ವ್ಯಾಪಾರ, ನಾನು ಲೆಕ್ಕ ನೋಡುತ್ತೇನೆ. ಹಿಂದಿನ ಕೋಣೆಯಲ್ಲಿ ಒಂದು ಸಿಪಿಯು ಇದೆ, ಅದೇ ನಮ್ಮ ಸರ್ವರ್. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಅದಕ್ಕೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿ ನಾಲ್ಕು ಕಂಪ್ಯೂಟರ್ ಜೋಡಿಸಿ ಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಯಾರು ಎಷ್ಟು ಚೀಲ ತಂದರು, ಅದರಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು (ಇವೆಲ್ಲಾ ಅಡಿಕೆಯ ಬಗೆ), ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲಾ ಅದರೊಳಗೇ ಇರೋದು.

ಮೇ ತಿಂಗಳಲ್ಲಿ ಅವನು ಊರಿಗೆ ಬಂದಿದ್ದ. ಶನಿವಾರ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಸರ್ವರ್‌ಗೆ ಅಪ್‌ಡೇಟ್ ಹಾಕಿದ. "ಚಿಕ್ಕಿ, ತುಂಬಾ ದಿನದಿಂದ ಬಾಕಿ ಇತ್ತು, ಈಗ ಆಯ್ತು" ಎಂದ. ಒಮ್ಮೆ ಶುರು ಮಾಡಿ ನೋಡೋಣ ಅನ್ನುವಷ್ಟರಲ್ಲಿ ಸಿಡಿಲು ಹೊಡೆಯೋಕೆ ಶುರುವಾಯ್ತು. ಈ ಕಡೆಯ ಮೇ ತಿಂಗಳ ಸಿಡಿಲು ಗೊತ್ತಲ್ವಾ, ಎಲ್ಲಾ ಪ್ಲಗ್ ಕಿತ್ತು ಮನೆಗೆ ಓಡಿದೆವು. ಭಾನುವಾರ ರಾತ್ರಿ ಬಸ್ಸಿಗೆ ಅವನು ಹೊರಟುಹೋದ.

ಸೋಮವಾರ ಬೆಳಿಗ್ಗೆ ನಾಲ್ಕೂ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬರುತ್ತಿದೆ, ಸರ್ವರ್ ಮಾತ್ರ ಸಿಗುತ್ತಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಆದರೆ ಯಾವ ಕಂಪ್ಯೂಟರಿಗೂ ಉತ್ತರವೇ ಇಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿದರೆ ಅವನೂ ಕೈಚೆಲ್ಲಿದ. ಸರ್ವರ್‌ಗೆ ನೆಟ್‌ವರ್ಕೇ ಇಲ್ಲದಿದ್ದರೆ ಬೆಂಗಳೂರಿನಿಂದ ಅದರೊಳಗೆ ಹೋಗೋಕೆ ದಾರಿಯೇ ಇಲ್ಲ. ಹೊರಗೆ ಬೆಂಚಿನ ಮೇಲೆ ಏಳೆಂಟು ಜನ ರೈತರು ಕೂತಿದ್ದರು. ವಯಸ್ಸಾದ ಒಬ್ಬರು ಎರಡು ಸಲ ಬಂದು "ತಂಗಿ, ಹನ್ನೆರಡೂವರೆಗೆ ನನ್ನ ಬಸ್ಸು. ಚೀಟಿ ಆಗ್ತದಾ?" ಎಂದು ಕೇಳಿ ಹೋದರು.

ಮೊದಲು ಫೋನ್ ಮಾಡಿದ್ದು ನಾವು ವರ್ಷ ವರ್ಷ ದುಡ್ಡು ಕಟ್ಟುವ ಒಂದು ಸರ್ವಿಸ್ ಕಂಪನಿಗೆ, ಅದರ ಹೆಸರು ಬೇಡ. ಅವರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅಪ್‌ಡೇಟ್ ಹಾಕಿದೆವು ಎಂದು ನಾನೇ ಹೇಳಿದ್ದಕ್ಕೆ, "ಹಾಗಾದ್ರೆ ಸಿಸ್ಟಮ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು. ಇಲ್ಲಾಂದ್ರೆ ಸಿಡಿಲಿಗೆ ಲ್ಯಾನ್ ಕಾರ್ಡ್ ಹೋಗಿರ್ತದೆ" ಎಂದರು. ನೆಟ್‌ವರ್ಕ್ ಕೇಬಲ್ ಚುಚ್ಚುವ ಕಾರ್ಡ್ ಅದು. ಎರಡು ದಿನ ಬೇಕು, 6,500 ರೂಪಾಯಿ ಆಗ್ತದೆ ಎಂದರು. ಮಶೀನ್ ಮುಟ್ಟದೆ, ನೋಡದೆ ಫಾರ್ಮ್ಯಾಟ್ ಅನ್ನುವ ಮಾತು ಬಾಯಿಂದ ಹೇಗೆ ಬರುತ್ತದೆ? ಅದರೊಳಗೆ ಇರೋದು ಜನರ ದುಡ್ಡಿನ ಲೆಕ್ಕ. ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಪಕ್ಕದ ಅಂಗಡಿಯವರು ಈ ರಿಪೇರಿ ಅಂಗಡಿಯ ನಂಬರ್ ಕೊಟ್ಟರು. ಅರ್ಧ ಗಂಟೆಯಲ್ಲಿ ಅವರು ಸ್ಕೂಟರಿನಲ್ಲಿ ಬಂದರು, ರೇನ್‌ಕೋಟಿನಲ್ಲಿ ಸುತ್ತಿದ ಒಂದು ಚಿಕ್ಕ ಮಾನಿಟರ್, ಕೀಬೋರ್ಡ್ ಜೊತೆಗೇ ತಂದಿದ್ದರು. ನಾನು ಫೋನಿನಲ್ಲಿ "ಸರ್ವರ್ ಸಿಗ್ತಿಲ್ಲ" ಅಂದಿದ್ದಷ್ಟೇ. ಅಂಥ ಮಶೀನಿನ ಮುಂದೆಯೇ ಕೂರಬೇಕಾಗುತ್ತದೆ ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಸಿಪಿಯು ಬಿಚ್ಚೋಕೆ ಹೋಗಲಿಲ್ಲ. ಮೊದಲು ಹಿಂದಿನಿಂದ ಕೇಬಲ್ ತೆಗೆದು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿದರು. ಲ್ಯಾಪ್‌ಟಾಪಿಗೆ ನೆಟ್ ಬಂತು. "ವೈರು, ಸ್ವಿಚ್ಚು, ರೂಟರು ಮೂರೂ ಸರಿ ಇದೆ ಮೇಡಂ" ಎಂದರು. ಆಮೇಲೆ ಮಾನಿಟರ್ ಜೋಡಿಸಿ "ಐಪಿ ಲಿಂಕ್" ಅನ್ನುವ ಕಮಾಂಡ್ ಹೊಡೆದರು. ಎರಡು ಹೆಸರು ಬಂತು. ಒಂದು ಎಲ್ಲ ಮಶೀನಿನಲ್ಲೂ ಇರುವ "ಎಲ್‌ಓ". ಇನ್ನೊಂದು "ಇಎನ್‌ಪಿ4ಎಸ್0", ಅದರ ಮುಂದೆ "ಡೌನ್" ಅಂತ ಇತ್ತು. "ನೋಡಿ, ಕಾರ್ಡ್ ಸತ್ತಿದ್ರೆ ಈ ಹೆಸರೇ ಬರ್ತಿರ್ಲಿಲ್ಲ. ಇದು ಮಲಗಿದೆ ಅಷ್ಟೇ, ಎಬ್ಬಿಸುವವರು ಬೇಕು" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯೋದಿಲ್ಲ. ಕಾರಣ ಹುಡುಕುತ್ತಾ ಕೂರದೆ ಮೊದಲು ಹೊರಗೆ ಬೆಂಚಿನ ಕಡೆ ನೋಡಿದರು. ಸರ್ವರ್‌ನ ಹಳೆ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್, ಯಾವುದು ಎಂದು ಕೇಳಿದರು. ಗೋಡೆ ಮೇಲಿನ ಚೀಟಿಯಲ್ಲಿ ಅದು ಇತ್ತು. ಎರಡು ಕಮಾಂಡ್‌ನಲ್ಲಿ ಅದನ್ನು ಕೈಯಾರೆ ಕೊಟ್ಟು ಕಾರ್ಡನ್ನು ಎಬ್ಬಿಸಿದರು. ಕೌಂಟರಿನ ಹುಡುಗ "ಬಂತು ಬಂತು" ಅಂತ ಅಲ್ಲಿಂದಲೇ ಕೂಗಿದ. "ಇದು ತಾತ್ಕಾಲಿಕ. ಮಶೀನ್ ಆಫ್ ಮಾಡಿದ್ರೆ ಹೋಗ್ತದೆ. ನಿಮ್ಮ ಜನ ಚೀಟಿ ತಗೊಂಡು ಹೋಗ್ಲಿ, ಉಳಿದಿದ್ದು ಮಧ್ಯಾಹ್ನ ನೋಡುವ" ಎಂದು ಹೇಳಿ ಹೊರಟರು. ಆ ವಯಸ್ಸಾದವರಿಗೆ ಹನ್ನೆರಡೂವರೆ ಬಸ್ಸು ಸಿಕ್ಕಿತು.

ಮೂರೂವರೆಗೆ ಮತ್ತೆ ಬಂದರು. ನೆಟ್‌ವರ್ಕಿನ ವಿವರ ಬರೆದಿಟ್ಟ ನೆಟ್‌ಪ್ಲಾನ್ ಫೈಲ್ ತೆಗೆದರು. ಅದರಲ್ಲಿ ಇದ್ದಿದ್ದು "ಇಎನ್‌ಪಿ3ಎಸ್0". ಪರದೆ ಮೇಲೆ ಬೆರಳಿಟ್ಟು ತೋರಿಸಿದರು. ಫೈಲಿನಲ್ಲಿ ಮೂರು, ಮಶೀನಿನಲ್ಲಿ ನಾಲ್ಕು. ಮೂರು ಅನ್ನುವ ಕಾರ್ಡ್ ಎಲ್ಲೂ ಇಲ್ಲ, ಹಾಗಾಗಿ ಸಿಸ್ಟಮ್ ಯಾವುದನ್ನೂ ಎಬ್ಬಿಸಲಿಲ್ಲ. ಒಂದೇ ಒಂದು ಅಂಕಿಗೆ ನಮ್ಮ ಇಡೀ ಅಂಗಡಿ ನಿಂತಿತ್ತು!

ಅಪ್‌ಡೇಟ್‌ದೇ ಕೆಲಸ ಎಂದೆ ನಾನು. ಅವರು ಒಪ್ಪಲಿಲ್ಲ. ಮಶೀನ್ ಮತ್ತೆ ಶುರು ಮಾಡಿ, ಮೊದಲು ಬರುವ ಮೆನುವಿನಲ್ಲಿ ಅಪ್‌ಡೇಟ್‌ಗಿಂತ ಹಿಂದಿನ ಕರ್ನಲ್ (ಲಿನಕ್ಸಿನ ತಿರುಳು) ಆರಿಸಿದರು. ಹೊಸದು ಹಾಕಿದರೂ ಲಿನಕ್ಸ್ ಸಾಮಾನ್ಯವಾಗಿ ಹಳೆ ಕರ್ನಲ್ ಒಂದನ್ನು ಉಳಿಸಿಕೊಂಡಿರುತ್ತದೆ, ಇದು ನನಗೆ ಗೊತ್ತಿರಲಿಲ್ಲ. ಅದರಲ್ಲೂ ನಾಲ್ಕೇ ಬಂತು. "ಕರ್ನಲ್‌ದಲ್ಲ ಮೇಡಂ. ಶನಿವಾರ ಬಾಕ್ಸ್ ಬಿಚ್ಚಿದ್ರಾ?" ಎಂದು ಕೇಳಿದರು.

ಆಗ ನೆನಪಾಯ್ತು. ಅಪ್‌ಡೇಟ್ ಆದ ಮೇಲೆ ಮಶೀನ್ ಆಫ್ ಮಾಡಿ, ಬ್ಯಾಕಪ್‌ಗೆ ಅಂತ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿದ್ದ ಅಕ್ಕನ ಮಗ. ಚೂಯಿಂಗ್ ಗಮ್ ಪಟ್ಟಿಯಷ್ಟು ಇರುವ ಡಿಸ್ಕ್, ಎನ್‌ವಿಎಂಇ. ಅದು ಕೂತಿದ್ದೂ ಲ್ಯಾನ್ ಕಾರ್ಡಿನ ಹಾಗೆ ಪಿಸಿಐ ಬಸ್ಸಿನ ಮೇಲೇ. ಬಸ್ಸು ಅಂದರೆ ಇಲ್ಲಿ ಮಶೀನಿನೊಳಗೆ ಕಾರ್ಡುಗಳನ್ನು ಜೋಡಿಸುವ ದಾರಿ. ಅದಕ್ಕೆ ಮೂರನೇ ನಂಬರ್ ಸಿಕ್ಕಿ, ಲ್ಯಾನ್ ಕಾರ್ಡ್ ನಾಲ್ಕಕ್ಕೆ ಸರಿದಿತ್ತು. ಇಎನ್ ಅಂದರೆ ಈಥರ್ನೆಟ್, ಪಿ ಅಂದರೆ ಬಸ್ಸಿನ ನಂಬರ್, ಎಸ್ ಅಂದರೆ ಸ್ಲಾಟ್. ಮೊದಲೆಲ್ಲಾ ಇಟಿಎಚ್0, ಇಟಿಎಚ್1 ಅಂತ ಇರುತ್ತಿತ್ತಂತೆ. ಎರಡು ಕಾರ್ಡ್ ಇದ್ದರೆ ಒಮ್ಮೊಮ್ಮೆ ಶುರುವಾಗುವಾಗ ಅವು ಅದಲು ಬದಲಾಗುತ್ತಿದ್ದವು. ಅದಕ್ಕೇ 2013ರಲ್ಲಿ, ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ ಆದ ಸಿಸ್ಟಮ್‌ಡಿ ಜೊತೆ ಈ ಜಾಗದ ಲೆಕ್ಕದ ಹೆಸರು ಬಂದಿದ್ದು. ಆದರೆ ಜಾಗದ ಲೆಕ್ಕವೇ ಸರಿದುಹೋದರೆ ಹೆಸರೂ ಬದಲಾಗುತ್ತದೆ. ನಾವು ಅಡಿಕೆ ಲಾಟಿಗೆ ಸಾಲಿನ ಪ್ರಕಾರ ನಂಬರ್ ಹಾಕಿ, ನಡುವೆ ಒಂದು ಲಾಟು ತೂರಿಸಿದರೆ ಮುಂದಿನದ್ದೆಲ್ಲಾ ಒಂದೊಂದು ಸರಿಯುತ್ತದಲ್ಲ, ಹಾಗೇ. ನಂಬರ್ ಸರಿದರೂ ರೈತನ ಹೆಸರು ಬದಲಾಗೋದಿಲ್ಲ ಅಂತ ನಾನು ಹೇಳಿದಾಗ ಅವರಿಗೆ ಖುಷಿಯಾಯಿತು. "ಅದೇ ಈಗ ಮಾಡುದು" ಎಂದರು.

ಫೈಲಿನ ಒಂದು ನಕಲು ತೆಗೆದಿಟ್ಟು, ಕಾರ್ಡಿನ ಹೆಸರನ್ನು ನಂಬದೆ ಅದರ ಮ್ಯಾಕ್ ಅಡ್ರೆಸ್ (ಪ್ರತಿ ಕಾರ್ಡಿಗೂ ಬೇರೆಯೇ ಇರುವ ಗುರುತಿನ ನಂಬರ್) ನೋಡಿ ಗುರುತು ಹಿಡಿಯುವ ಹಾಗೆ ಬರೆದರು. ಪ್ರತಿ ಸಾಲಿನ ಶುರುವಿನ ಖಾಲಿ ಜಾಗವನ್ನು ಸ್ಪೇಸ್ ಬಾರ್ ಒತ್ತುತ್ತಾ ಎಣಿಸಿದರು. ಟ್ಯಾಬ್ ಒತ್ತಿದರೆ ಆ ಫೈಲ್ ಒಪ್ಪೋದಿಲ್ಲವಂತೆ. ಕೊನೆಗೆ "ನೆಟ್‌ಪ್ಲಾನ್ ಟ್ರೈ" ಎಂದು ಹೊಡೆದರು. ಪರದೆಯಲ್ಲಿ 120 ಸೆಕೆಂಡ್ ಕೆಳಗಿಳಿಯತೊಡಗಿತು. ಅಷ್ಟರೊಳಗೆ ಎಂಟರ್ ಒತ್ತದಿದ್ದರೆ ತಾನಾಗೇ ಹಳೆಯದಕ್ಕೆ ಮರಳುತ್ತದೆ. ಒತ್ತುವ ಮೊದಲು ಬೇರೆ ಮೂರು ಕಂಪ್ಯೂಟರಿನಿಂದ ನನ್ನ ಕೈಲೇ ಚೀಟಿ ತೆಗೆಸಿ ನೋಡಿದರು. ಆಮೇಲೆ ಎರಡು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿದರು. ಎರಡೂ ಸಲ ಸರಿಯಾಗಿ ಬಂತು.

ಹೋಗುವಾಗ ಸಿಪಿಯು ಪಕ್ಕಕ್ಕೆ ಒಂದು ಚೀಟಿ ಅಂಟಿಸಿದರು. ಐಪಿ, ಗೇಟ್‌ವೇ, ಮ್ಯಾಕ್ ಅಡ್ರೆಸ್, ಅವತ್ತಿನ ತಾರೀಕು, ಏನು ಬದಲಾಯಿಸಿದ್ದು, ಎಲ್ಲಾ ಕನ್ನಡದಲ್ಲಿ. ಅಕ್ಕನ ಮಗನಿಗೆ ಅದರ ಫೋಟೋ ಕಳಿಸಿದೆ. ಅಪ್‌ಡೇಟ್ ಮತ್ತು ಹೊಸ ಡಿಸ್ಕ್ ಎರಡನ್ನೂ ಒಂದೇ ಸಂಜೆ ಮಾಡಬಾರದಿತ್ತು ಎಂದು ಅವನೇ ಹೇಳಿದ.

ತೆಗೆದುಕೊಂಡಿದ್ದು 700 ರೂಪಾಯಿ. ಎರಡು ಸಲ ಬಂದಿದ್ದಕ್ಕೂ ಸೇರಿ ಅಷ್ಟೇ. ಜಾಸ್ತಿ ಕೊಡೋಕೆ ಹೋದರೆ ಚಾ ಕುಡಿದು ಹೊರಟರು.

ಕೊರತೆಯೂ ಇದೆ, ಹೇಳಿಬಿಡುತ್ತೇನೆ. ಅಂಗಡಿ ಮೇಲಿನ ಮಹಡಿಯಲ್ಲಿ ಇದೆ, ಮೆಟ್ಟಿಲು ಕಡಿದು. ಸಿಪಿಯು ಹೊತ್ತುಕೊಂಡು ಹತ್ತೋದು ಕಷ್ಟ, ಅದಕ್ಕಿಂತ ಅವರನ್ನೇ ಕರೆಸುವುದು ಒಳ್ಳೇದು. ಬಿಲ್ ಬೇಕಾದರೆ ಕೇಳಿ ಬರೆಸಿಕೊಳ್ಳಬೇಕು. ಬಿಡಿಭಾಗ ಜಾಸ್ತಿ ಇಟ್ಟಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕಾದರೆ ಒಂದು ದಿನ ಕಾಯಬೇಕು. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಫೋನ್ ಎತ್ತೋದಿಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ಮಾಡಿ, ಕೊನೆಯ ಸಲ ಮಶೀನಿಗೆ ಏನೇನು ಮಾಡಿದಿರಿ ಅಂತ ಪೂರ್ತಿ ಹೇಳಿ. ಅವರು ಮೊದಲು ಕೇಳುವುದು ಅದನ್ನೇ.