ಬೆಳಕಿನ ಕಿಣ್ವವೋ, ಕತ್ತಲಲ್ಲೂ ದುಡಿಯುವ ಗುಂಪೋ?

ಯುವಿ (ಅತಿನೇರಳೆ) ಕಿರಣ ಬಿದ್ದರೆ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮೀನ್‌ಗಳು (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ಸರಿಮಾಡಲು ಬ್ರೆಡ್ಡಿಗೆ ಹಾಕುವ ಯೀಸ್ಟ್‌ನಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದು ಫೋಟೋಲಯೇಸ್ ಎಂಬ ಕಿಣ್ವ. ನೀಲಿ ಬೆಳಕಿನ ಶಕ್ತಿಯಿಂದ ಅಂಟನ್ನು ನೇರವಾಗಿ ಬಿಡಿಸುತ್ತದೆ, ಎಳೆಯನ್ನು ಮುಟ್ಟಿ ಕತ್ತರಿಸುವುದೇ ಇಲ್ಲ. ಇನ್ನೊಂದಕ್ಕೆ ಬೆಳಕು ಬೇಡ, ಆದರೆ ರಾಡ್1, ರಾಡ್2, ರಾಡ್14 ಅಂತ ಪ್ರೋಟೀನ್‌ಗಳ ಗುಂಪೇ ಬೇಕು. ಹಾನಿಯ ಎರಡೂ ಕಡೆ ಕತ್ತರಿಸಿ, ಸುಮಾರು 25 ನ್ಯೂಕ್ಲಿಯೋಟೈಡ್‌ಗಳ (ಡಿಎನ್‌ಎ ಸರದ ಬಿಡಿ ಮಣಿಗಳ) ತುಂಡು ತೆಗೆದು, ಆ ಜಾಗವನ್ನು ಹೊಸದಾಗಿ ತುಂಬಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಾಮೂಲಿ ಯೀಸ್ಟ್ ಮತ್ತು ರಾಡ್1 ಇಲ್ಲದ, ಅಂದರೆ ಕತ್ತರಿಸುವ ದಾರಿ ಮುಚ್ಚಿದ ತಳಿಯನ್ನು ಅಗಾರ್ ಎಂಬ ಜೆಲ್ಲಿಯ ತಟ್ಟೆಗಳಲ್ಲಿ ಹರಡಿ, 254 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಸ್ವಲ್ಪ ಹೊತ್ತು ಇಟ್ಟೆ. ಮುಚ್ಚಳ ತೆಗೆದೇ ಇಡಬೇಕು, ಪ್ಲಾಸ್ಟಿಕ್ ಈ ಕಿರಣವನ್ನು ತಡೆದುಬಿಡುತ್ತದೆ. ಆಮೇಲೆ ಅರ್ಧ ತಟ್ಟೆಗಳಿಗೆ ಫಾಯಿಲ್ ಸುತ್ತಿದೆ, ಉಳಿದವನ್ನು ಟ್ಯೂಬ್‌ಲೈಟಿಗೆ ಒಡ್ಡಿದೆ. ಅಲ್ಲಿಯವರೆಗೆ ಕೋಣೆಯಲ್ಲಿ ಕೆಂಪು ದೀಪ ಮಾತ್ರ. ಬಿಳಿ ಬೆಳಕು ತಾಗಿದರೆ ಫೋಟೋಲಯೇಸ್ ಆಗಲೇ ಕೆಲಸ ಶುರು ಮಾಡಿಬಿಡುತ್ತದೆ, ಹೋಲಿಕೆಗೆ ಅರ್ಥವೇ ಇರುವುದಿಲ್ಲ.

30 ಡಿಗ್ರಿಯಲ್ಲಿ ಬೆಳೆಸಿದ ಮೇಲೆ ನೋಡಿದರೆ, ಮಾಮೂಲಿ ಯೀಸ್ಟ್ ಫಾಯಿಲ್ ಒಳಗೂ ಚೆನ್ನಾಗಿಯೇ ಬಂದಿತ್ತು. ಫಾಯಿಲ್ ಒಳಗಿನ ರಾಡ್1 ಇಲ್ಲದ ತಟ್ಟೆ ಹೆಚ್ಚುಕಡಿಮೆ ಬೋಳು. ಅದೇ ತಳಿ, ಅಷ್ಟೇ ಯುವಿ, ಆದರೆ ಬೆಳಕು ಕಂಡ ತಟ್ಟೆಯಲ್ಲಿ ಕೆನೆಬಣ್ಣದ ಚುಕ್ಕೆಗಳು ಎದ್ದಿದ್ದವು. ಒಂದೇ ಒಂದು ಕಿಣ್ವ ಇಷ್ಟು ಜೀವ ಉಳಿಸುವುದನ್ನು ಕಣ್ಣಾರೆ ನೋಡುವುದು ನಿಜಕ್ಕೂ ಖುಷಿ. ಆದರೂ ಅದು ಮಾಮೂಲಿ ಯೀಸ್ಟ್‌ನ ಮಟ್ಟ ಮುಟ್ಟಲಿಲ್ಲ. ಯುವಿಯಿಂದ 6-4 ಎಂಬ ಇನ್ನೊಂದು ಬಗೆಯ ಹಾನಿಯೂ ಆಗುತ್ತದೆ, ಯೀಸ್ಟ್‌ನ ಫೋಟೋಲಯೇಸ್‌ಗೆ ಅದನ್ನು ಸರಿಮಾಡಲು ಬರುವುದಿಲ್ಲ. ಕತ್ತರಿಸುವ ಗುಂಪು ಎರಡನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಯೀಸ್ಟ್ ಮಟ್ಟಿಗೆ ನನ್ನ ಮತ ಆ ಗುಂಪಿಗೇ.

ಗಿಡಗಳ ವಿಷಯ ಬಂದರೆ ಫೋಟೋಲಯೇಸ್ ಕಡೆ ವಾಲುತ್ತೇನೆ. ದಿನವಿಡೀ ಬಿಸಿಲಲ್ಲೇ ನಿಲ್ಲಬೇಕಲ್ವಾ? ಪ್ರಯೋಗಾಲಯಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎರಡೂ ಬಗೆಯ ಹಾನಿಗೆ ಬೇರೆ ಬೇರೆ ಫೋಟೋಲಯೇಸ್‌ಗಳಿವೆ. ಜಪಾನಿನ ಭತ್ತವನ್ನೇ ನೋಡಿ. ಸಸನಿಶಿಕಿ ತಳಿ ಬಿಸಿಲಲ್ಲಿರುವ ಯುವಿ-ಬಿ ಕಿರಣವನ್ನು ತಡೆದುಕೊಳ್ಳುತ್ತದೆ, ನೋರಿನ್ 1 ಸೊರಗುತ್ತದೆ. ನೋರಿನ್ 1ರ ಫೋಟೋಲಯೇಸ್‌ನಲ್ಲಿ 126ನೇ ಜಾಗದಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಬದಲು ಆರ್ಜಿನಿನ್ ಕೂತಿದೆ, ಅಷ್ಟಕ್ಕೇ ಕಿಣ್ವದ ಚುರುಕು ತಗ್ಗಿದೆ.

ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ರಾಡ್1 ಇಲ್ಲದ ತಳಿಯನ್ನೇ ಆರಿಸಿ. ಮಾಮೂಲಿ ಯೀಸ್ಟ್‌ಗೆ ಕಡಿಮೆ ಯುವಿ ಕೊಟ್ಟರೆ ಬೆಳಕು-ಕತ್ತಲ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.