ಬಲ್ಕ್ ರಿನೇಮ್ ಯುಟಿಲಿಟಿ: ಸ್ಟುಡಿಯೋ ಕೆಲಸಕ್ಕೆ ವರ್ಷಗಟ್ಟಲೆ ಬಳಸಿದವನ ಅನಿಸಿಕೆ

ಬಳ್ಳಾರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರಿಗೆ ಎರಡು ಸೀಸನ್. ಮುಹೂರ್ತ ಇದ್ದಾಗ ಮದುವೆ, ಇಲ್ಲದಾಗ ಜೀನ್ಸ್. ಊರಲ್ಲಿ ಜೀನ್ಸ್ ಹೊಲಿಯುವವರು ಬೇಕಾದಷ್ಟು ಮಂದಿ ಇದ್ದಾರೆ. ಹೊಸ ಸ್ಟೈಲ್ ಬಂದಾಗಲೆಲ್ಲ ಹೊರಗಿನ ವ್ಯಾಪಾರಿಗಳಿಗೆ ಕಳಿಸಲು ಅವರಿಗೆ ಫೋಟೋ ಬೇಕು. ಎರಡೂ ಕೆಲಸದಲ್ಲಿ ಫೋಟೋ ತೆಗೆಯುವುದು ಸುಲಭ. ಆಮೇಲೆ ಸಾವಿರಾರು ಫೈಲ್‌ಗಳಿಗೆ ಹೆಸರು ಕೊಡುವುದಿದೆಯಲ್ಲ, ಅದೇ ತಲೆನೋವು. ಆ ಕೆಲಸಕ್ಕೆ ನಾನು ವರ್ಷಗಳಿಂದ ಬಳಸುತ್ತಿರುವುದು ವಿಂಡೋಸ್‌ನಲ್ಲಿ ಓಡುವ ಬಲ್ಕ್ ರಿನೇಮ್ ಯುಟಿಲಿಟಿ ಅನ್ನುವ ತಂತ್ರಾಂಶ.

ವಿಂಡೋಸ್‌ನಲ್ಲೇ ಎಫ್2 ಒತ್ತಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತೆ. ಎಲ್ಲ ಫೈಲ್ ಸೆಲೆಕ್ಟ್ ಮಾಡಿ ‘ಮದುವೆ’ ಅಂತ ಟೈಪ್ ಮಾಡಿದರೆ ಮದುವೆ (1), ಮದುವೆ (2) ಅಂತ ಸಾಲಾಗಿ ಬರುತ್ತವೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಾಗ ಗೊತ್ತಾಗುತ್ತದೆ ಮಜಾ. ಎಷ್ಟೋ ಟಿವಿಗಳು ನಂಬರನ್ನು ನಂಬರ್ ಅಂತ ಓದುವುದಿಲ್ಲ, ಅಕ್ಷರದ ಹಾಗೆ ಓದುತ್ತವೆ. 1 ಆದ ಮೇಲೆ 10, ಆಮೇಲೆ 100, ಎಲ್ಲ ಮುಗಿದ ಮೇಲೆ 2. ಹೆಣ್ಣಿನ ಮನೆಯವರು ಬಂಧುಗಳನ್ನೆಲ್ಲ ಕೂರಿಸಿಕೊಂಡು ನೋಡುವಾಗ ತಾಳಿ ಕಟ್ಟಿದ ಮೇಲೆ ಅರಿಶಿಣದ ಫೋಟೋ ಬರುತ್ತದೆ! ಇದಕ್ಕೆ ಮದ್ದು ಮುಂದೆ ಸೊನ್ನೆ ಸೇರಿಸುವುದು: 0001, 0002. ಈ ತಂತ್ರಾಂಶದ ನಂಬರಿಂಗ್ ಪೆಟ್ಟಿಗೆಯಲ್ಲಿ ‘ಪ್ಯಾಡ್’ ಅಂತ ಇದೆ, ಅಲ್ಲಿ 4 ಅಂತ ಹಾಕಿದರೆ ಮುಗಿಯಿತು.

ನೋಡಲು ಮಾತ್ರ ಚೆನ್ನಾಗಿಲ್ಲ. ಒಂದೇ ಕಿಟಕಿಯಲ್ಲಿ ಹನ್ನೆರಡಕ್ಕೂ ಜಾಸ್ತಿ ಪೆಟ್ಟಿಗೆಗಳು, ಸಂತೆ ದಿನದ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ನನ್ನ ಸ್ಟುಡಿಯೋ ಹುಡುಗ ಮೊದಲ ಸಲ ನೋಡಿದವನೇ, ‘ಅಣ್ಣಾ, ಇದರಾಗ ಎಲ್ಲಿಂದ ಶುರು ಮಾಡ್ಬೇಕು?’ ಅಂದ. ನಾನು ಹೇಳಿದ್ದು ಇಷ್ಟೇ: ಪದ ಬದಲಿಸುವುದು, ಅಕ್ಷರ ತೆಗೆಯುವುದು, ಸೇರಿಸುವುದು, ನಂಬರ್, ತಾರೀಖು. ಈ ಐದು ಬಿಟ್ಟು ಬೇರೆ ಕಡೆ ಕೈ ಹಾಕಬೇಡ. ಸಂಜೆಯೊಳಗೆ ಕಲಿತ.

ಇದರ ನಿಜವಾದ ಬಲ ಮುನ್ನೋಟ. ಹಳೆ ಹೆಸರಿನ ಪಕ್ಕದಲ್ಲೇ ಹೊಸ ಹೆಸರು ಕಾಣುತ್ತದೆ. ನೀವು ಪೆಟ್ಟಿಗೆಯಲ್ಲಿ ಏನು ಬರೆದರೂ ಅದು ಕೂಡಲೇ ಬದಲಾಗುತ್ತದೆ. ಬಟನ್ ಒತ್ತುವ ತನಕ ಫೈಲ್‌ಗೆ ಏನೂ ಆಗಲ್ಲ. ಸೆಲೆಕ್ಟ್ ಮಾಡಿದ ಫೈಲ್‌ಗಳಿಗೆ ಮಾತ್ರ ಬದಲಾವಣೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ತಪ್ಪಾದರೆ ಅನ್‌ಡೂ ಇದೆ. ಹಾಗಂತ ಇರುವ ಒಂದೇ ಪ್ರತಿಯ ಮೇಲೆ ಪ್ರಯೋಗ ಮಾಡಬಾರದು.

ಮದುವೆಗೆ ಬರೋಣ. ನಮ್ಮದು ಎರಡು ಕ್ಯಾಮೆರಾ. ಒಂದು ವೇದಿಕೆ ಹತ್ತಿರ, ಇನ್ನೊಂದು ಜನರ ಮಧ್ಯೆ. ಕ್ಯಾಮೆರಾಗಳು ಫೈಲ್ ಹೆಸರಿನಲ್ಲಿ ನಾಲ್ಕೇ ಅಂಕಿ ಇಡುತ್ತವೆ. 9999 ಆಯಿತೋ, ಮತ್ತೆ 0001ರಿಂದ ಶುರು. ಅಂದರೆ ರಾತ್ರಿ ರಿಸೆಪ್ಷನ್ ಫೋಟೋ 9800ರಲ್ಲಿ, ಮರುದಿನದ ತಾಳಿ 0150ರಲ್ಲಿ ಬರಬಹುದು. ಜೊತೆಗೆ ಎರಡೂ ಕ್ಯಾಮೆರಾದಲ್ಲಿ ಒಂದೇ ನಂಬರಿನ ಫೈಲ್ ಇದ್ದರೆ ಒಂದೇ ಫೋಲ್ಡರ್‌ಗೆ ಹಾಕುವಾಗ ಕಂಪ್ಯೂಟರ್ ‘ಬದಲಿಸಲಾ?’ ಅಂತ ಕೇಳುತ್ತದೆ. ಅವಸರದಲ್ಲಿ ಹೌದು ಅಂದರೆ ಕಥೆ ಮುಗಿದಂತೆ.

ನಾನು ಮಾಡುವುದು ಹೀಗೆ. ಎರಡೂ ಕಾರ್ಡನ್ನು ಬೇರೆ ಬೇರೆ ಫೋಲ್ಡರ್‌ಗೆ ಇಳಿಸುತ್ತೇನೆ. ಆಟೋ ಡೇಟ್ ಪೆಟ್ಟಿಗೆಯಲ್ಲಿ ಫೋಟೋ ತೆಗೆದ ಸಮಯವನ್ನು ಆರಿಸಿ, ಅದನ್ನು ಹೆಸರಿನ ಮುಂದೆ ಸೇರಿಸುತ್ತೇನೆ: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್. ದಿನ ಮೊದಲು ಹಾಕಿದರೆ ಸಾಲು ಹರಿದುಹೋಗುತ್ತದೆ. ಹಳೆ ಹೆಸರನ್ನು ಅಳಿಸುವುದಿಲ್ಲ, ಸಮಯದ ಹಿಂದೆ ಹಾಗೇ ಇರುತ್ತದೆ. ಒಂದೇ ಸೆಕೆಂಡಿನಲ್ಲಿ ನಾಲ್ಕು ಫೋಟೋ ಹೊಡೆದಿದ್ದರೂ ಹೆಸರು ಡಿಕ್ಕಿಯಾಗಲ್ಲ. ಕ್ಯಾಮೆರಾ ಗುರುತಿಗೆ ಹೆಸರಿನ ಕೊನೆಗೆ ‘ಎ’, ‘ಬಿ’ ಅಂತ ಒಂದಕ್ಷರ ಸೇರಿಸಿ ಎರಡೂ ಫೋಲ್ಡರ್ ಕೂಡಿಸಿದರೆ ಮದುವೆ ನಡೆದ ಕ್ರಮದಲ್ಲೇ ಫೋಟೋ ಸಾಲು ನಿಲ್ಲುತ್ತವೆ. ಒಂದೇ ಫೋಟೋವನ್ನು ರಾ (ಕ್ಯಾಮೆರಾದ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆಯುವವರಿಗೂ ಈ ದಾರಿಯೇ ಒಳ್ಳೆಯದು, ಜೋಡಿ ಒಡೆಯುವುದಿಲ್ಲ. ಬರೀ ಸಾಲು ನಂಬರ್ ಹಾಕಿದರೆ ರಾ ಫೈಲ್‌ಗೆ ಒಂದು ನಂಬರ್, ಅದರದ್ದೇ ಜೆಪೆಗ್‌ಗೆ ಇನ್ನೊಂದು ಬೀಳುತ್ತದೆ.

ಆದರೆ ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಇರಬೇಕು. ಹೊರಡುವ ಮೊದಲು ಮೊಬೈಲ್ ನೋಡಿ ಹೊಂದಿಸಿಕೊಳ್ಳಿ. ಹಿಂದೆ ಮುಂದೆ ಆಗಿದ್ದರೆ ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಒಂದು ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನು ಒಟ್ಟಿಗೆ ಸರಿಸಬಹುದು. ಮತ್ತೊಂದು, ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶಕ್ಕೆ ಹಾಕುವ ಮೊದಲೇ ಹೆಸರು ಬದಲಿಸಿ. ಹಾಕಿದ ಮೇಲೆ ಹೊರಗಿನಿಂದ ಬದಲಿಸಿದರೆ ಫೈಲ್ ಸಿಗುತ್ತಿಲ್ಲ ಅಂತ ಅದು ಗೋಳಾಡುತ್ತದೆ.

ಜೀನ್ಸ್ ಕೆಲಸದ ಲೆಕ್ಕ ಬೇರೆ. ಅಲ್ಲಿ ಸಮಯ ಯಾರಿಗೂ ಬೇಡ, ಸ್ಟೈಲ್ ನಂಬರ್ ಬೇಕು. ಒಂದು ಪ್ಯಾಂಟಿಗೆ ನಾಲ್ಕು ಫೋಟೋ: ಮುಂದೆ, ಹಿಂದೆ, ಜೇಬು, ಲೇಬಲ್. ಕೌಲ್ ಬಜಾರ್ ಕಡೆಯ ಪಾರ್ಟಿಯೊಬ್ಬರು ಸ್ಟೈಲ್ ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಕಳಿಸುತ್ತಾರೆ. ಒಂದು ಕಾಲಂನಲ್ಲಿ ಕ್ಯಾಮೆರಾ ಕೊಟ್ಟ ಹೆಸರು, ಪಕ್ಕದಲ್ಲಿ ಸ್ಟೈಲ್ ನಂಬರ್, ಬಣ್ಣ, ಯಾವ ಕಡೆಯ ಫೋಟೋ ಅನ್ನುವುದನ್ನು ಸೇರಿಸಿ ಹೊಸ ಹೆಸರು. ಈ ಜೋಡಿಗಳನ್ನು ಟೆಕ್ಸ್ಟ್ ಫೈಲ್ ಮಾಡಿ ಫೈಲ್ ಮೆನುವಿನಿಂದ ಒಳಗೆ ತಂದರೆ ಇಡೀ ಲಾಟ್‌ಗೆ ಹೆಸರು ಸಿದ್ಧ. ಈ ಸೌಲಭ್ಯ ಇರುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ನನಗೆ ಇದೊಂದಕ್ಕೇ ತಂತ್ರಾಂಶ ಇಷ್ಟ. ಬಟನ್ ಒತ್ತುವ ಮೊದಲು ಪಟ್ಟಿಯ ಕೊನೆ ಸಾಲು ನೋಡಿ. ನಡುವೆ ಫ್ಲ್ಯಾಶ್ ಹೊಡೆಯದ ಫೋಟೋ ಒಂದು ಜಾಸ್ತಿ ಉಳಿದಿದ್ದರೆ ಅಲ್ಲಿಂದ ಮುಂದಿನ ಪ್ಯಾಂಟ್‌ಗಳಿಗೆಲ್ಲ ಪಕ್ಕದ ಪ್ಯಾಂಟಿನ ನಂಬರ್ ಬಿದ್ದಿರುತ್ತದೆ. ಕೊನೆ ಸಾಲು ಸರಿಯಿದ್ದರೆ ಸಾಮಾನ್ಯವಾಗಿ ಮಿಕ್ಕಿದ್ದೂ ಸರಿ.

ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ಮೇಲೆ ಮಾತ್ರ ಇದರ ತಾರೀಖಿನ ಆಟ ನಡೆಯುವುದಿಲ್ಲ. ತಂತ್ರಾಂಶದ ತಪ್ಪಲ್ಲ. ಫೋಟೋ ಆಗಿ ಕಳಿಸಿದರೆ ತೆಗೆದ ಸಮಯದ ಮಾಹಿತಿ ಉಳಿಯಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಸಾಕಾಗಿದೆ.

ಕನ್ನಡದ ಹೆಸರುಗಳ ಬಗ್ಗೆ ಕೇಳುತ್ತಿರುತ್ತಾರೆ. ಯೂನಿಕೋಡ್ ಕನ್ನಡ ಆದರೆ ತೊಂದರೆ ಇಲ್ಲ, ಮುನ್ನೋಟದಲ್ಲೂ ಸರಿಯಾಗಿ ಕಾಣುತ್ತದೆ. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಹೆಸರಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಫೈಲ್ ಹೆಸರಿಗೆ ಫಾಂಟ್ ಆರಿಸುವ ದಾರಿಯೇ ಇಲ್ಲವಲ್ಲ. ನಾನಂತೂ ಹೊರಗೆ ಹೋಗುವ ಫೈಲ್‌ಗೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಳಗೀಟು ಮಾತ್ರ ಇಡುತ್ತೇನೆ. ಆಲ್ಬಮ್ ಪ್ರಿಂಟ್ ಹಾಕುವ ಕಡೆ ಯಾವ ಕಾಲದ ಕಂಪ್ಯೂಟರ್ ಇದೆಯೋ ಯಾರಿಗೆ ಗೊತ್ತು.

ಕಿರಿಕಿರಿಯೂ ಇದೆ. ಅಕ್ಷರಗಳು ಸಣ್ಣ. ಹಿಂದಿನ ಕೆಲಸಕ್ಕೆ ಪೆಟ್ಟಿಗೆಯಲ್ಲಿ ತುಂಬಿದ್ದು ಹಾಗೇ ಉಳಿದರೆ ಮುಂದಿನ ಫೈಲ್‌ಗಳಿಗೂ ಅನ್ವಯಿಸುತ್ತದೆ. ಹೊಸ ಕೆಲಸಕ್ಕೆ ಮೊದಲು ರೀಸೆಟ್ ಒತ್ತುವ ಅಭ್ಯಾಸ ಬೇಕು. ಸಹಾಯ ಪುಟಗಳೆಲ್ಲ ಇಂಗ್ಲಿಷ್‌ನಲ್ಲಿ. ಮನೆ ಬಳಕೆಗೆ ಪೂರ್ತಿ ಉಚಿತ. ನಮ್ಮ ಹಾಗೆ ಅಂಗಡಿ ಇಟ್ಟವರು ಲೈಸೆನ್ಸ್ ಕೊಳ್ಳಬೇಕು. ಇದನ್ನು ಹೇಳದೆ ‘ಫ್ರೀ’ ಅಂತ ಹಂಚುವವರೇ ಜಾಸ್ತಿ.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅನ್ನುವ ತಂತ್ರಾಂಶದಲ್ಲಿ ಪವರ್‌ರಿನೇಮ್ ಇದೆ. ಅಂಗಡಿಗೂ ಉಚಿತ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ, ಮುನ್ನೋಟವೂ ಇದೆ. ಒಂದು ಪದ ತೆಗೆಯುವುದು, ಇನ್ನೊಂದು ಹಾಕುವುದು, ನಂಬರ್ ಕೊಡುವುದು, ಇಷ್ಟಕ್ಕೆ ಅದೇ ಸಾಕು. ಅಂಥ ಸಣ್ಣ ಕೆಲಸಕ್ಕೆ ನಾನೂ ಅದನ್ನೇ ತೆರೆಯುತ್ತೇನೆ. ಎಕ್ಸೆಲ್ ಪಟ್ಟಿಯಿಂದ ಹೆಸರು ತರಬೇಕಾದವರು ಮಾತ್ರ ಲೈಸೆನ್ಸ್‌ಗೆ ದುಡ್ಡು ಎತ್ತಿಡಿ.