ಹೋಬಾರ್ಟೋ ಅಡಿಲೇಡೋ: ಕಳ್ಳಕಾಕರ ಭಯ ಎಲ್ಲಿ ಕಡಿಮೆ?

1838. ಲಂಡನ್ನಿನಿಂದ ಹೆಂಡತಿ ಮಕ್ಕಳೊಡನೆ ಹಡಗು ಹತ್ತಬೇಕು, ಎತ್ತ? ಹೋಬಾರ್ಟ್ ಇರುವ ವ್ಯಾನ್ ಡೀಮನ್ಸ್ ಲ್ಯಾಂಡ್ (ಇಂದಿನ ಆಸ್ಟ್ರೇಲಿಯದ ಟ್ಯಾಸ್ಮೇನಿಯ) ಬ್ರಿಟನ್ ತನ್ನ ಕೈದಿಗಳನ್ನು ಸಾಗಿಸುವ ದ್ವೀಪ. ಕಾಡು ಸೇರಿ ದರೋಡೆಗಿಳಿದಿದ್ದ ಮ್ಯಾಥ್ಯೂ ಬ್ರೇಡಿಯನ್ನು 1826ರಲ್ಲೇ ಹೋಬಾರ್ಟಿನಲ್ಲಿ ಗಲ್ಲಿಗೇರಿಸಿದ್ದಾರೆ, ನಿಜ. ಆದರೆ ಹೊಲದ ಆಳೂ ಕೈದಿಯೇ. ಸಿಪಾಯಿ, ಸೆರೆಮನೆ, ನ್ಯಾಯಾಲಯಗಳಿಗಂತೂ ಕೊರತೆಯಿಲ್ಲ.

ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಕ್ಕೆ ಬ್ರಿಟನ್ ಕೈದಿಗಳನ್ನು ಸಾಗಿಸುವುದಿಲ್ಲ. ಅದರ ಹೆಗ್ಗಳಿಕೆಯೇ ಅದು. ನೆರೆಯ ವಸಾಹತುಗಳಿಂದ ತಪ್ಪಿಸಿಕೊಂಡು ಬರುವವರು ಮಾತ್ರ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮಾರ್ಚ್‌ನಲ್ಲಿ ಕಾನೂನು ಜಾರಿ ಮಾಡುವ ಅಧಿಕಾರಿ ಶೆರೀಫನ ಮೇಲೆಯೇ ಗುಂಡು ಹಾರಿತು. ಪೊಲೀಸ್ ಪಡೆ ಹುಟ್ಟಿದ್ದು ಏಪ್ರಿಲ್‌ನಲ್ಲಿ. ಮೇ 2ರಂದು ಆ ಗುಂಡು ಹಾರಿಸಿದ ಅಪರಾಧಿ ಮೈಕೆಲ್ ಮೆಗೀಯನ್ನು ನೇಣಿಗೇರಿಸಲು ಮರದ ಕೊಂಬೆಗೇ ಹಗ್ಗ ಬಿಗಿದರು.

ಎರಡೂ ಕಡೆ ನೆಲ ಕಳೆದುಕೊಂಡ ಮೂಲನಿವಾಸಿಗಳಿಗೆ ವಲಸಿಗನೇ ದರೋಡೆಕೋರ. ಈ ಮಾತನ್ನು ಹಡಗಿನ ದಲ್ಲಾಳಿ ಹೇಳುವುದಿಲ್ಲ. ನಾನಾದರೆ ಅಡಿಲೇಡಿಗೇ ಹೋಗುತ್ತಿದ್ದೆ, ಬಾಗಿಲಿಗೆ ಗಟ್ಟಿ ಅಗುಳಿ ಹಾಕಿಸಿಕೊಂಡು.